ಮಡಿಸುವ ಕ್ಯಾಮೆರಾಕ್ಕೆ ಯಾವ ಮಸೂರ?

ಯಲ್ದೂರಿನಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಛಾಯಾಚಿತ್ರವನ್ನು ತಂದು ನಮ್ಮ ಮೇಜಿನ ಮೇಲಿಟ್ಟ. ಅದು ಕೋಲಾರದ ಸೋಮೇಶ್ವರ ದೇವಾಲಯದ ಮಹಾದ್ವಾರದ ಚಿತ್ರ. ಬಾಗಿಲವಾಡದ ಗೆರೆಗಳು ನೆಟ್ಟಗೆ ನಿಂತಿದ್ದವು. ಕಲ್ಲಿನ ಕೆತ್ತನೆಯೆಲ್ಲ ಬಹು ಸ್ಫುಟವಾಗಿ ಮೂಡಿತ್ತು. ಆದರೆ ಗೋಪುರದ ನೆತ್ತಿ ಇರಬೇಕಾದ ಎಡೆಯಲ್ಲಿ ಬರಿಯ ಕತ್ತಲು! ಚಿತ್ರದ ಮೇಲ್ಭಾಗಕ್ಕೆ ಯಾರೋ ಕಮಾನಿನ ಆಕಾರದಲ್ಲಿ ಮಸಿ ಬಳಿದಂತೆ ಕಾಣುತ್ತಿತ್ತು. “ಮಸೂರ ಕೆಟ್ಟುಹೋಗಿದೆ, ಸಾರ್” ಎಂದ ಹುಡುಗ. ಮಸೂರ ಕೆಟ್ಟಿರಲಿಲ್ಲ. ಅದಕ್ಕೆ ಮೀರಿದ ಕೆಲಸವನ್ನು ಅದರಿಂದ ಅಪೇಕ್ಷಿಸಿದ್ದೇ ತಪ್ಪಾಗಿತ್ತು.

ಅವನ ಕ್ಯಾಮೆರಾ ಅಜ್ಜನ ಕಾಲದ್ದು. ತೇಗದ ಚೌಕಟ್ಟು, ಹಿತ್ತಾಳೆಯ ತಿರುಪು, ನಡುವೆ ಹಾರ್ಮೋನಿಯಮ್ಮಿನದರಂತಹ ಮಡಿಕೆಯ ತಿದಿ. ಮಡಿಸಿದರೆ ಒಂದು ಪೆಟ್ಟಿಗೆ. ಬಿಡಿಸಿದರೆ ಮುಂದೆ ಮಸೂರ, ಹಿಂದೆ ಉಜ್ಜಿದ ಗಾಜು. ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಬಿಂಬವನ್ನು ಕರಿಬಟ್ಟೆ ಹೊದ್ದು ನೋಡಿ, ಸ್ಫುಟಗೊಳಿಸಿ, ಗಾಜಿನ ಜಾಗಕ್ಕೆ ಫಿಲ್ಮಿನ ಹಾಳೆಯನ್ನು ಸೇರಿಸಬೇಕು. ನಮ್ಮ ನೆರೆಯ ಅಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬವರು 1940ರ ದಶಕದಿಂದ ತಯಾರಿಸುತ್ತಿದ್ದ ‘ವಾಗೀಶ್ವರಿ’ ಕ್ಯಾಮೆರಾಗಳೂ ಇದೇ ಜಾತಿಯವು. ಹುಡುಗನ ಕ್ಯಾಮೆರಾದಲ್ಲಿ ಹಿಡಿಸುವ ಹಾಳೆ 4 ಅಂಗುಲಕ್ಕೆ 5 ಅಂಗುಲದ್ದು; ಅದರಲ್ಲಿ ಚಿತ್ರ ಬೀಳುವ ಭಾಗ ಸುಮಾರು 95 ಮಿ.ಮೀ. ಅಗಲ, 120 ಮಿ.ಮೀ. ಉದ್ದ. ಮೊಬೈಲ್ ಫೋನಿನಲ್ಲಿ ಇದೇ ಕೆಲಸ ಮಾಡುವ ಫಲಕವು ಹೆಬ್ಬೆರಳ ಉಗುರಿಗಿಂತ ದೊಡ್ಡದಲ್ಲವೆಂಬುದನ್ನು ನೆನೆದರೆ, ಇಷ್ಟು ಭಾರ ಹೊರುವ ಹುಚ್ಚು ಕೆಲವರಿಗೆ ಏಕೆ ಬಿಡದೆಂಬುದು ತಿಳಿಯುತ್ತದೆ.

ಈ ಹುಚ್ಚು ಹೊಸದೇನೂ ಅಲ್ಲ. ಬೊಂಬಾಯಿ ಸೇನೆಯ ಅಧಿಕಾರಿ ಥಾಮಸ್ ಬಿಗ್ಸ್ 1855ರಲ್ಲಿಯೇ ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಇಂತಹ ದೊಡ್ಡ ಕ್ಯಾಮೆರಾದಿಂದ ಸೆರೆಹಿಡಿಯತೊಡಗಿದ್ದ. ಅವನ ಚಿತ್ರಗಳೂ ಡಾಕ್ಟರ್ ಪಿಗೋ, ಡಾಕ್ಟರ್ ನೀಲ್ ಇವರು ತೆಗೆದವೂ ಸೇರಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವೊಂದು 1866ರಲ್ಲಿ ಲಂಡನ್ನಿನಿಂದ ಹೊರಬಂದಿತು.

ಮೂಲ ಮಸೂರ ಕಳೆದುಹೋಗಿದ್ದುದರಿಂದ ಹುಡುಗ ಯಾವುದೋ ಹಳೆಯ ಪತ್ರಿಕಾ ಛಾಯಾಗ್ರಾಹಕರ ಕ್ಯಾಮೆರಾದಿಂದ ಬಿಚ್ಚಿದ ಮಸೂರವೊಂದನ್ನು ಕೂರಿಸಿದ್ದ. ಈಗ ಒಂದೇ ಒಂದು ಮಸೂರ ಕೊಳ್ಳುವಷ್ಟು ಹಣವನ್ನು ಕೂಡಿಟ್ಟಿದ್ದಾನೆ. ಇಂತಹ ಮಸೂರಗಳು ಇಂದು ಬಹುಮಟ್ಟಿಗೆ ಒಬ್ಬರು ಬಳಸಿ ಬಿಟ್ಟವಾಗಿಯೇ ದೊರೆಯುತ್ತವೆ. ದೂರದೂರಿನಿಂದ ಅಂಚೆಯಲ್ಲಿ ತರಿಸುವ ಸಾಮಾನನ್ನು ಕೊಳ್ಳುವ ಮೊದಲು ಹಾಕಿ ನೋಡುವಂತಿಲ್ಲ. ಆದುದರಿಂದ ಕಾಗದದ ಮೇಲೆ ಲೆಕ್ಕ ಮಾಡಿಯೇ ಆರಿಸಬೇಕು. ಹುಡುಗನ ಬೇಡಿಕೆ ಎರಡೇ: ಮಸೂರ ಹಗುರವಾಗಿರಬೇಕು, ಗೋಪುರ ಪೂರ್ತಿ ಬರಬೇಕು.

ಯಾವ ಮಸೂರವೂ ಬಿಂಬವನ್ನು ಚೌಕವಾಗಿ ಮೂಡಿಸುವುದಿಲ್ಲ. ಅದು ಮೂಡಿಸುವುದು ದುಂಡನೆಯ ಬೆಳಕಿನ ವೃತ್ತವನ್ನು. ಆ ವೃತ್ತದೊಳಗೆ ನಮ್ಮ ಹಾಳೆ ಅಡಗಬೇಕು. 95 ಮತ್ತು 120ರ ಆಯತದ ಕರ್ಣ 153 ಮಿ.ಮೀ. ಆದುದರಿಂದ ಅಷ್ಟು ವ್ಯಾಸದ ವೃತ್ತ ಸಾಕೆಂದು ತೋರಬಹುದು. ಹಾಳೆಯು ವೃತ್ತದ ನಟ್ಟನಡುವೆ ಇರುವವರೆಗೆ ಅದು ನಿಜವೇ. ಆದರೆ ಗೋಪುರದ ಮುಂದೆ ಅದು ಹಾಗಿರುವುದಿಲ್ಲ.

ಎತ್ತರದ ಕಟ್ಟಡವನ್ನು ನೋಡಲು ನಾವು ತಲೆ ಎತ್ತುತ್ತೇವೆ. ಕ್ಯಾಮೆರಾದ ತಲೆಯನ್ನೂ ಹಾಗೆ ಎತ್ತಿದರೆ ಫಿಲ್ಮು ಓರೆಯಾಗಿ, ಕಟ್ಟಡದ ಲಂಬರೇಖೆಗಳು ಮೇಲೆ ಮೇಲೆ ಹೋದಂತೆ ಒಂದರ ಕಡೆಗೊಂದು ವಾಲುತ್ತವೆ. ಗೋಪುರ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಮಡಿಸುವ ಕ್ಯಾಮೆರಾದಲ್ಲಿ ಇದಕ್ಕೆ ಸೊಗಸಾದ ಉಪಾಯವುಂಟು. ಕ್ಯಾಮೆರಾವನ್ನು ಮಟ್ಟಸವಾಗಿಯೇ ನಿಲ್ಲಿಸಿ, ಮಸೂರದ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸುವುದು. ಫಿಲ್ಮು ಗೋಡೆಗೆ ಸಮಾಂತರವಾಗಿಯೇ ಉಳಿಯುತ್ತದೆ. ವೃತ್ತ ಮಾತ್ರ ಸರಿದು, ಹಾಳೆ ಅದರ ಅಂಚಿನ ಕಡೆಗೆ ಹೋಗುತ್ತದೆ. ಎಷ್ಟು ಹೋಗುತ್ತದೆಂಬುದೇ ನಮ್ಮ ಪ್ರಶ್ನೆ.

ಲೆಕ್ಕಕ್ಕಾಗಿ ಗೋಪುರದ ಎತ್ತರ 15 ಮೀಟರ್ ಎಂದಿಟ್ಟುಕೊಳ್ಳೋಣ. ಮಸೂರದ ಸಂಗಮದೂರ 150 ಮಿ.ಮೀ. ಇರಲಿ, ನಾವು 20 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಮಸೂರವನ್ನಿಟ್ಟು ನಿಂತಿದ್ದೇವೆ. ಬಿಂಬವು ವಸ್ತುವಿನ 133ರಲ್ಲಿ ಒಂದು ಪಾಲು. ಮಸೂರದ ಮಟ್ಟದಿಂದ ಶಿಖರ ಹದಿಮೂರೂವರೆ ಮೀಟರ್ ಮೇಲಿದೆ. ಬಿಂಬದಲ್ಲಿ ಅದು ಅಕ್ಷದಿಂದ 101 ಮಿ.ಮೀ. ದೂರಕ್ಕೆ ಬೀಳುತ್ತದೆ. ನೆತ್ತಿಯ ಮೇಲೆ ತುಸು ಆಕಾಶವೂ ಬೇಡವೆ? 105 ಎನ್ನೋಣ. ಹಾಳೆಯ ಅರ್ಧ ಉದ್ದ 60. ಆದುದರಿಂದ ಹಲಗೆಯನ್ನು 45 ಮಿ.ಮೀ. ಎತ್ತಬೇಕು. ಆಗ ಹಾಳೆಯ ದೂರದ ಮೂಲೆ ಅಕ್ಷದಿಂದ ಒಂದು ದಿಕ್ಕಿಗೆ 105, ಅಡ್ಡಲಾಗಿ 47.5 ಮಿ.ಮೀ. ಸರಿದಿರುತ್ತದೆ. ಪೈಥಾಗೊರಸನ ಪ್ರಮೇಯದಂತೆ ಅದರ ದೂರ 115 ಮಿ.ಮೀ.; ಅಂದರೆ ಬೇಕಾದ ವೃತ್ತದ ವ್ಯಾಸ 230 ಮಿ.ಮೀ.! ಮಸೂರವು ಸುಮಾರು 75 ಡಿಗ್ರಿ ಕೋನವನ್ನು ಆವರಿಸಬೇಕು. ಹುಡುಗನ ಮಸೂರ ಮಟ್ಟಸವಾಗಿ ನಿಂತ ಹಾಳೆಯನ್ನು ಮುಚ್ಚುವುದಕ್ಕೇ ಆಯಾಸಪಡುವಂತಹುದು.

ಇನ್ನು ಹತ್ತು ಮೀಟರ್ ಹಿಂದಕ್ಕೆ ಸರಿದರೆ? ಬಿಂಬ 200ರಲ್ಲಿ ಒಂದು ಪಾಲಾಗುತ್ತದೆ, ಹಲಗೆಯನ್ನು 12 ಮಿ.ಮೀ. ಎತ್ತಿದರೆ ಸಾಕು, ವೃತ್ತ 173 ಮಿ.ಮೀ. ಇದ್ದರೆ ಆಯಿತು. ಆವರಣದ ಕೋನ 60 ಡಿಗ್ರಿಗೆ ಇಳಿಯಿತು. ಗೋಪುರ ತುಸು ಚಿಕ್ಕದಾಗಿ ಕಾಣುವುದೊಂದೇ ನಷ್ಟ. ಹತ್ತು ಹೆಜ್ಜೆಯ ನಡಿಗೆ ಎಷ್ಟೋ ವೇಳೆ ದುಬಾರಿ ಮಸೂರದ ಕೆಲಸ ಮಾಡುತ್ತದೆ. ಆದರೆ ಪೇಟೆಯ ನಡುವಿನ ಗುಡಿಗಳಲ್ಲಿ ಹಿಂದಿನ ಮನೆಗಳು ಜಾಗ ಬಿಡಬೇಕಲ್ಲ!

ಈ 60 ಡಿಗ್ರಿಗೂ ಒಂದು ಚರಿತ್ರೆಯಿದೆ. ಜರ್ಮನಿಯ ಜೈಸ್ ಸಂಸ್ಥೆಯ ಪೌಲ್ ರುಡಾಲ್ಫ್ 1902ರಲ್ಲಿ ರಚಿಸಿದ ‘ಟೆಸ್ಸಾರ್’ನಲ್ಲಿ ಇರುವುದು ನಾಲ್ಕೇ ಗಾಜು. ಅಗ್ಗ, ಹಗುರ, ಸ್ಫುಟ; ಆವರಿಸುವುದು ಸುಮಾರು 60 ಡಿಗ್ರಿ. ಆರು ಗಾಜುಗಳನ್ನು ದ್ಯುತಿರಂಧ್ರದ ಆಚೀಚೆ ಮೂರು ಮೂರಾಗಿ ಜೋಡಿಸಿದ ‘ಪ್ಲಾಸ್ಮಾಟ್’ ಬಗೆಯವು 70ರಿಂದ 80 ಡಿಗ್ರಿಯವರೆಗೆ ಹೋಗುತ್ತವೆ. ರೋಡೆನ್‌ಸ್ಟಾಕ್ ಸಂಸ್ಥೆಯ 150 ಮಿ.ಮೀ. ‘ಆಪೋ-ಸಿರೊನಾರ್-ಎಸ್’ ಮಸೂರದ ವೃತ್ತ 231 ಮಿ.ಮೀ.; ನಮ್ಮ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ತಯಾರಕರು ಕೊಡುವ ಇಂತಹ ಅಂಕಿ ಸಾಮಾನ್ಯವಾಗಿ ಎಫ್ 22ಕ್ಕೆ ಅನ್ವಯಿಸುವಂತಹುದು. ರಂಧ್ರವನ್ನು ಪೂರ್ತಿ ತೆರೆದಾಗ ಒಳ್ಳೆಯ ಬಿಂಬದ ವೃತ್ತ ಅದಕ್ಕಿಂತ ಕಿರಿದು. ಪಟ್ಟಿಯನ್ನು ಓದುವಾಗ ಇದನ್ನು ಮರೆತು ಮೋಸಹೋದವರು ಬಹಳ ಮಂದಿ.

ಈಗ ಭಾರದ ಮಾತು. ಮಸೂರದ ಗಾತ್ರವನ್ನು ನಿರ್ಣಯಿಸುವುದು ಸಂಗಮದೂರವೊಂದೇ ಅಲ್ಲ. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಹೊಗುವ ಕಂಡಿಯ ವ್ಯಾಸ ಸಿಗುತ್ತದೆ. 300 ಮಿ.ಮೀ. ಮಸೂರ ಎಫ್ 5.6ರದಾದರೆ ಆ ವ್ಯಾಸ ಸುಮಾರು 54 ಮಿ.ಮೀ.; ಎಫ್ 9ರದಾದರೆ 33 ಮಿ.ಮೀ. ಒಂದೇ ಆಕಾರದ ಗಾಜುಗಳ ತೂಕ ವ್ಯಾಸದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಮೊದಲನೆಯದು ಎರಡನೆಯದರ ನಾಲ್ಕು ಪಾಲಿಗಿಂತ ತುಸು ಹೆಚ್ಚೇ ತೂಗಬೇಕು. ನಿಜವಾಗಿಯೂ ಹಾಗೆಯೇ ಇದೆ: ನಿಕಾನ್ ಸಂಸ್ಥೆಯ ಎಫ್ 9ರ ‘ನಿಕ್ಕಾರ್-ಎಂ’ 300 ಮಿ.ಮೀ. ಮಸೂರ ಕವಾಟ ಸಹಿತ 290 ಗ್ರಾಂ. ಅದೇ ಸಂಗಮದೂರದ ಎಫ್ 5.6ರ ಮಸೂರಗಳು ಒಂದು ಕಿಲೋಗ್ರಾಮಿಗೂ ಮೇಲೆ.

ಹಾಗಾದರೆ ಕಿರಿಯ ರಂಧ್ರದಿಂದ ನಷ್ಟವೇನು? ಉಜ್ಜಿದ ಗಾಜಿನ ಮೇಲೆ ಬೆಳಕು ಎರಡೂವರೆ ಪಾಲು ಕಡಮೆ. ಮುಂಜಾವದಲ್ಲಿ ಬಿಂಬವನ್ನು ಹೊಂದಿಸುವುದು ಕಷ್ಟ. ಚಿತ್ರ ತೆಗೆಯುವಾಗ ನಷ್ಟವೇನೂ ಇಲ್ಲ, ಏಕೆಂದರೆ ಆಗ ರಂಧ್ರವನ್ನು ಹೇಗೂ ಎಫ್ 22ಕ್ಕೆ ಕಿರಿದುಗೊಳಿಸುತ್ತೇವೆ. ಅಷ್ಟು ಕಿರಿದುಗೊಳಿಸಿದರೆ ಬೆಳಕಿನ ವಿವರ್ತನೆಯಿಂದ ಪ್ರತಿ ಬಿಂದುವೂ ಸುಮಾರು 0.03 ಮಿ.ಮೀ. ಚುಕ್ಕೆಯಾಗಿ ಹರಡುತ್ತದೆ ನಿಜ. ಚಿತ್ರವನ್ನು ಇಮ್ಮಡಿ ಹಿಗ್ಗಿಸಿದರೂ ಅದು 0.06 ಮಿ.ಮೀ.; ಕೈಯಲ್ಲಿ ಹಿಡಿದು ನೋಡುವ ಕಣ್ಣಿಗೆ ಅದು ಬಿಂದುವೇ.

ಹಗುರವೆಂದು ಹುಡುಗ 300 ಮಿ.ಮೀ. ಮಸೂರದ ಕಡೆಗೆ ವಾಲಿದ. ಆವನಿ ಬೆಟ್ಟವನ್ನು ದೂರದಿಂದ ತೆಗೆಯುವ ಆಸೆ ಅವನದು. ಅದಕ್ಕೆ ತಿದಿ ಒಪ್ಪಲಿಲ್ಲ! ಅವನ ತಿದಿ ಹಿಗ್ಗುವುದು 300 ಮಿ.ಮೀ. ಮಾತ್ರ. ದೂರದ ಬೆಟ್ಟಕ್ಕೆ ಅದು ಸರಿಯಾಗಿ ಸಾಕು. ಮೂರು ಮೀಟರ್ ದೂರದ ಶಾಸನದ ಕಲ್ಲನ್ನು ಸ್ಫುಟಗೊಳಿಸಬೇಕಾದರೆ ಮಸೂರದ ಸಮೀಕರಣದಂತೆ 333 ಮಿ.ಮೀ. ಬೇಕು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಿಡೀ ಕೋಲಾರ ಜಿಲ್ಲೆಯ ಶಾಸನಗಳದು. ಇಂತಹ ಸೀಮೆಯಲ್ಲಿ ಶಾಸನ ತೆಗೆಯಲಾಗದ ಕ್ಯಾಮೆರಾವನ್ನು ಹೊತ್ತು ತಿರುಗುವುದು ನಮಗೆ ಒಪ್ಪಿಗೆಯಾಗಲಿಲ್ಲ. 240 ಮಿ.ಮೀ. ಮಸೂರಕ್ಕೆ ಅದೇ ಕಲ್ಲಿಗೆ 261 ಸಾಕು. ಎಂದಾದರೂ ಎರಡನೆಯ ಮಸೂರ ಕೊಂಡರೆ, ಫ್ಯೂಜಿ ಸಂಸ್ಥೆಯ ಎಫ್ 9ರ ‘ಫ್ಯೂಜಿನಾನ್-ಎ’ 240 ಮಿ.ಮೀ. ಅವನಿಗೆ ತಕ್ಕದ್ದು.

ಮಸೂರವನ್ನು ಬಿಚ್ಚದೆಯೇ ಕ್ಯಾಮೆರಾ ಮಡಿಸಬೇಕೆನ್ನುವವರು ಷ್ನೈಡರ್ ಸಂಸ್ಥೆಯ 90 ಮಿ.ಮೀ. ‘ಆಂಗ್ಯುಲಾನ್’ನಂತಹ ಪುಟ್ಟ ಮಸೂರಕ್ಕೆ ಮನಸೋಲುತ್ತಾರೆ. ಅದರ ವೃತ್ತ 154 ಮಿ.ಮೀ.; ಹಾಳೆಯ ಕರ್ಣಕ್ಕಿಂತ ಒಂದೇ ಮಿ.ಮೀ. ಹೆಚ್ಚು. ಅಂತರಗಂಗೆಯ ಬಂಡೆಗಳ ಹರಹಿಗೆ ಅದು ಬಲು ಚೆನ್ನ, ಗೋಪುರಕ್ಕೆ ಮಾತ್ರ ಒದಗದು.

ಕೊನೆಗೆ ಹುಡುಗ ಆರಿಸಿದ್ದು 150 ಮಿ.ಮೀ., ಎಫ್ 5.6ರ ಪ್ಲಾಸ್ಮಾಟನ್ನು. ಈ ಸಂಗಮದೂರದಲ್ಲಿ ಎಫ್ 5.6 ಇದ್ದರೂ ಕಂಡಿ 27 ಮಿ.ಮೀ. ಅಷ್ಟೆ, ತೂಕ ಕಾಲು ಕಿಲೋಗ್ರಾಮಿನ ಆಸುಪಾಸು. ಮಸೂರ ಬಂದ ವಾರವೇ ನಾವಿಬ್ಬರೂ ಮತ್ತೆ ಆ ಮಹಾದ್ವಾರದ ಎದುರಿನ ಬೀದಿಗೆ ಹೋದೆವು. ಉಜ್ಜಿದ ಗಾಜಿನ ನಾಲ್ಕು ಮೂಲೆಗಳನ್ನು ತುಸು ಕತ್ತರಿಸಿರುತ್ತಾರೆ. ಅಲ್ಲಿ ಕಣ್ಣಿಟ್ಟರೆ ಮಸೂರದ ರಂಧ್ರ ನೇರವಾಗಿ ಕಾಣುತ್ತದೆ. ಹಲಗೆಯನ್ನು 45 ಮಿ.ಮೀ. ಎತ್ತಿ ಹುಡುಗ ಕೆಳಗಿನ ಮೂಲೆಯಿಂದ ನೋಡಿದ, ಏಕೆಂದರೆ ತಲೆಕೆಳಗಾದ ಬಿಂಬದಲ್ಲಿ ಗೋಪುರದ ನೆತ್ತಿ ಇರುವುದು ಅಲ್ಲಿಯೇ. ಎಫ್ 5.6ರಲ್ಲಿ ರಂಧ್ರ ಬೆಕ್ಕಿನ ಕಣ್ಣಿನಂತೆ ಸೀಳಾಗಿತ್ತು. 11ಕ್ಕೆ ಇಳಿಸಿದಾಗಲೂ ಒಂದು ಪಕ್ಕ ಮುಕ್ಕಾಗಿತ್ತು. 22ಕ್ಕೆ ಇಳಿಸಿದಾಗ ಚಿಕ್ಕದಾಗಿ, ದುಂಡಗೆ, ಪೂರ್ತಿಯಾಗಿ ಕಂಡಿತು. ಅವನು ಕರಿಬಟ್ಟೆಯೊಳಗಿನಿಂದಲೇ ಫಿಲ್ಮಿನ ಹಾಳೆಗಾಗಿ ಕೈ ಚಾಚಿದ.