ಮಕ್ಕಳ ದಂತ ಎಕ್ಸ್-ರೇ ಚಿತ್ರದಲ್ಲಿ ಕಾಣುವ ಗಾಳಿ ತುಂಬಿದ ಮೂಳೆಕೋಶಗಳು: ಪೋಷಕರಿಗೆ ಮಾಹಿತಿ

ವಕ್ರದಂತಗಳನ್ನು ಸರಿಪಡಿಸುವ ಚಿಕಿತ್ಸೆಗೆ ಮುನ್ನ ಮಕ್ಕಳಿಗೆ ಹಾಗೂ ಹದಿಹರೆಯದವರಿಗೆ ಸಾಮಾನ್ಯವಾಗಿ ಓಪಿಜಿ ಎಂಬ ಎಕ್ಸ್-ರೇ ಚಿತ್ರವನ್ನು ತೆಗೆಯಲಾಗುತ್ತದೆ. ಎರಡೂ ದವಡೆಗಳು, ಇನ್ನೂ ಹೊರಬಾರದ ಹಲ್ಲುಗಳು, ದವಡೆಯ ಕೀಲುಗಳು ಮತ್ತು ಕಿವಿಯ ಆಸುಪಾಸಿನ ಮೂಳೆಗಳು ಈ ಒಂದೇ ಚಿತ್ರದಲ್ಲಿ ಮೂಡುವುದರಿಂದ, ಹಲ್ಲಿಗೆ ಸಂಬಂಧಪಡದ ಸಂಗತಿಗಳೂ ಕೆಲವೊಮ್ಮೆ ಕಂಡುಬರುತ್ತವೆ. ಕಿವಿಯ ಮುಂಭಾಗದ ಮೂಳೆಯಲ್ಲಿ ಕಾಣುವ ಕಪ್ಪು ಗುಳಿಯಂತಹ ಗುರುತು ಅಂಥವುಗಳಲ್ಲಿ ಒಂದು. ಹಲ್ಲು ತೋರಿಸಲು ಕರೆತಂದ ಮಗುವಿನ ಮೂಳೆಯಲ್ಲಿ ತೂತು ಇದೆಯೆಂದು ಕೇಳಿದ ಪೋಷಕರು ಗಾಬರಿಗೊಳ್ಳುವುದು ಸಹಜ. ಆದರೆ ಬಹುತೇಕ ಸಂದರ್ಭಗಳಲ್ಲಿ ಇದು ರೋಗವಲ್ಲ. ಮೂಳೆಯೊಳಗೆ ಗಾಳಿ ತುಂಬಿದ ಸಹಜ ಕೋಶವಾಗಿರುತ್ತದೆ.

ಎಕ್ಸ್-ಕಿರಣಗಳು ಗಾಳಿಯ ಮೂಲಕ ತಡೆಯಿಲ್ಲದೆ ಹಾಯುವುದರಿಂದ ಆ ಭಾಗ ಕಪ್ಪಾಗಿ ಕಾಣುತ್ತದೆ. ತಲೆಬುರುಡೆಯ ಮೂಳೆಗಳಲ್ಲಿ ಗಾಳಿ ಇರುವುದು ಹೊಸ ಸಂಗತಿಯೇನಲ್ಲ. ನೆಗಡಿಯಾದಾಗ ಭಾರವೆನಿಸುವ ಹಣೆ ಹಾಗೂ ಕೆನ್ನೆಯ ಸೈನಸ್‌ಗಳೂ ಗಾಳಿಯ ಕೋಣೆಗಳೇ. ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬಾದ ಮೂಳೆಗೆ ಮ್ಯಾಸ್ಟಾಯ್ಡ್ ಎಂದು ಹೆಸರು. ಮಗು ಹುಟ್ಟಿದಾಗ ಅಲ್ಲಿ ನಡುಗಿವಿಗೆ ಕೂಡಿಕೊಂಡ ಒಂದು ಮುಖ್ಯ ಕುಹರ ಮಾತ್ರ ಇದ್ದು, ವಯಸ್ಸು ಏರಿದಂತೆ ಸಣ್ಣ ವಾಯುಕೋಶಗಳು ಸುತ್ತಲೂ ಹರಡುತ್ತವೆ. ಕೆಲವರಲ್ಲಿ ಈ ಹರಡುವಿಕೆ ಕಿವಿಯ ಹಿಂಭಾಗಕ್ಕೆ ನಿಲ್ಲದೆ ಮುಂದುವರಿದು, ದವಡೆಯ ಕೀಲಿನ ಮುಂದಿರುವ ಮೂಳೆಯುಬ್ಬಿನವರೆಗೂ ತಲುಪುತ್ತದೆ.

1985ರಲ್ಲಿ ಟಿಂಡಾಲ್ ಮತ್ತು ಮ್ಯಾಟಿಸನ್ ಎಂಬ ತಜ್ಞರು ಒಂದು ಸಾವಿರಕ್ಕೂ ಹೆಚ್ಚು ಓಪಿಜಿ ಚಿತ್ರಗಳನ್ನು ಪರಿಶೀಲಿಸಿ, ಶೇ. 2.6ರಷ್ಟು ಜನರಲ್ಲಿ ಈ ಗುರುತನ್ನು ಕಂಡರು. ಅದನ್ನು ಗುರುತಿಸಲು ಅವರು ಸೂಚಿಸಿದ ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ. ಕೋಶದ ಅಂಚು ಸ್ಪಷ್ಟವಾಗಿದ್ದು, ನೋಟಕ್ಕೆ ಮ್ಯಾಸ್ಟಾಯ್ಡ್ ಕೋಶಗಳನ್ನೇ ಹೋಲಬೇಕು. ಅದು ಕೆನ್ನೆಯ ಮೂಳೆಯೊಂದಿಗಿನ ಬೆಸುಗೆಯನ್ನು ದಾಟಿರಬಾರದು. ಮೂಳೆ ಊದಿರಬಾರದು, ಅದರ ಹೊರಪದರ ಸವೆದಿರಬಾರದು. ಕೋಶ ಒಂದೇ ಇರಬಹುದು, ಜೇನುಗೂಡಿನಂತೆ ಹಲವು ಇರಬಹುದು. ಒಂದೇ ಬದಿಯಲ್ಲೂ ಇರಬಹುದು, ಎರಡೂ ಬದಿಯಲ್ಲೂ ಇರಬಹುದು. ನೋವು, ಊತ ಇರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಅಂಚು ಮಸುಕಾಗಿದ್ದಲ್ಲಿ, ಮೂಳೆ ಊದಿದ್ದಲ್ಲಿ ಅಥವಾ ಹೊರಪದರ ಒಡೆದಿದ್ದಲ್ಲಿ ನೀರುಗುಳ್ಳೆ, ಗೆಡ್ಡೆ ಮುಂತಾದವುಗಳ ಸಾಧ್ಯತೆಯನ್ನು ವೈದ್ಯರು ಪರಿಶೀಲಿಸಬೇಕಾಗುತ್ತದೆ. ಆಗ ಸಿ.ಟಿ. ಸ್ಕ್ಯಾನ್ ಅವಶ್ಯವಾಗಬಹುದು. ಕೇವಲ ಸಮಾಧಾನಕ್ಕಾಗಿ ಪೋಷಕರೇ ಸ್ಕ್ಯಾನ್ ಮಾಡಿಸುವಂತೆ ಒತ್ತಾಯಿಸುವುದು ಸೂಕ್ತವಲ್ಲ. ಅದರ ವಿಕಿರಣ ಪ್ರಮಾಣ ಓಪಿಜಿಗಿಂತ ಹಲವು ಪಟ್ಟು ಹೆಚ್ಚು.

ರೋಗವಲ್ಲವೆಂದ ಮಾತ್ರಕ್ಕೆ ಈ ಗುರುತನ್ನು ಮರೆತುಬಿಡುವಂತೆಯೂ ಇಲ್ಲ. ದವಡೆ ಪದೇ ಪದೇ ಜಾರುವವರಿಗೆ ಕೀಲಿನ ಮುಂದಿನ ಇದೇ ಉಬ್ಬನ್ನು ಕತ್ತರಿಸಿ ತಗ್ಗಿಸುವ ಶಸ್ತ್ರಚಿಕಿತ್ಸೆ ಇದೆ. ಉಬ್ಬು ಗಟ್ಟಿ ಮೂಳೆಯೆಂದು ಭಾವಿಸಿ ಕತ್ತರಿಸಿದಲ್ಲಿ ವಾಯುಕೋಶ ತೆರೆದುಕೊಂಡು ಸೋಂಕಿಗೆ ದಾರಿಯಾಗಬಹುದು. ಅದರಾಚೆಗಿರುವುದು ಮೆದುಳಿನ ಹೊದಿಕೆ. ಕಿವಿಯ ಸೋಂಕು ಈ ಕೋಶಗಳ ಮೂಲಕ ದವಡೆಯ ಕೀಲಿಗೆ ಹರಡುವ ಸಾಧ್ಯತೆಯೂ ಉಂಟು. ಆದ್ದರಿಂದ ಇಂತಹ ಮಗುವಿಗೆ ಕಿವಿ ಸೋರುವುದರೊಂದಿಗೆ ಬಾಯಿ ತೆರೆಯಲು ಕಷ್ಟವಾದಲ್ಲಿ, ತಡಮಾಡದೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸತಕ್ಕದ್ದು.

ಉಳಿದಂತೆ ಇದಕ್ಕೆ ಔಷಧ ಅಥವಾ ಚಿಕಿತ್ಸೆಯ ಅವಶ್ಯಕತೆ ಇರುವುದಿಲ್ಲ. ಹಲ್ಲಿಗೆ ತಂತಿ ಹಾಕಿಸುವ ಚಿಕಿತ್ಸೆಯನ್ನು ಇದೊಂದೇ ಕಾರಣಕ್ಕೆ ಮುಂದೂಡಬೇಕಾಗಿಯೂ ಇಲ್ಲ. ವರದಿಯಲ್ಲಿ ವಾಯುಕೋಶವು ಯಾವ ಬದಿಯಲ್ಲಿದೆ ಎಂಬ ಷರಾವನ್ನು ಬರೆಸಿಕೊಂಡು, ಚಿತ್ರವನ್ನೂ ವರದಿಯನ್ನೂ ಜೋಪಾನವಾಗಿ ಇರಿಸಿಕೊಳ್ಳಬೇಕು. ಮುಂದೆ ದವಡೆಯ ಕೀಲಿಗೆ ಚಿಕಿತ್ಸೆ ನೀಡುವ ವೈದ್ಯರು ಮೊದಲು ಕೇಳುವುದು ಹಳೆಯ ಚಿತ್ರವನ್ನೇ.