ದೋಣಿಯ ಯಂತ್ರ ಮುಗ್ಗರಿಸಿದಾಗ

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ನಮ್ಮ ಕಡಲ ಕರೆಯಲ್ಲಿ ದೋಣಿಯ ಔಟ್‌ಬೋರ್ಡ್ ಯಂತ್ರ ಅಳಿವೆಬಾಯಿಯಲ್ಲಿ ನಿಂತಿತೆಂದರೆ ಅಡ್ಡಬಿದ್ದ ದೋಣಿಯನ್ನು ಮಗುಚಲು ಒಂದು ಅಲೆ ಸಾಕು. ಆದುದರಿಂದ ಮುಗ್ಗರಿಸುವ ಯಂತ್ರವನ್ನು ದಡದಲ್ಲೇ ವಿಚಾರಿಸಿಕೊಳ್ಳಬೇಕೆಂದು ನಾವು ಹೇಳುವೆವು.

ಮೊದಲು ಫಿಲ್ಟರಿನ ತಳದಲ್ಲಿ ನೀರು ನಿಂತಿದೆಯೇ ನೋಡಬೇಕು. ಸೀಮೆಎಣ್ಣೆಯ ಟೂ-ಸ್ಟ್ರೋಕ್ ಯಂತ್ರವನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯೇರುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಿದರೆ ಪ್ಲಗ್ಗಿಗೆ ಮಸಿ ಹಿಡಿದು ಒಂದು ಸಿಲಿಂಡರ್ ಸುಮ್ಮನಾಗುತ್ತದೆ.

ಹೊಸ ಫೋರ್-ಸ್ಟ್ರೋಕ್ ಯಂತ್ರಗಳ ಕಥೆ ಬೇರೆ. ಶಾಖ ಮಿತಿಮೀರಿತೆಂದು ಸೆನ್ಸರ್ ತಿಳಿಸಿದೊಡನೆ ಯಂತ್ರ ಕೂಗಿಕೊಂಡು ತಾನಾಗಿ ವೇಗ ತಗ್ಗಿಸುತ್ತದೆ. ಆಗ ಸೆನ್ಸರಿನ ತಂತಿಯನ್ನೇ ಕಿತ್ತುಹಾಕುವವರುಂಟು! ಜ್ವರ ತೋರಿಸಿದ ಥರ್ಮಾಮೀಟರನ್ನು ಒಡೆದ ಹಾಗೆ. ಯಂತ್ರದ ಹಿಂಬದಿಯಿಂದ ಚಿಮ್ಮುವ ನೀರಿನ ಎಳೆ ಸಣಕಲಾಗಿದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ನೀರೆಳೆಯುವ ಕಂಡಿಯಲ್ಲಿ ಕಸ ಕಟ್ಟಿರಬಹುದು, ಇಲ್ಲವೆ ಪಂಪಿನ ರಬ್ಬರ್ ಚಕ್ರವನ್ನು ಮರಳು ಸವೆಸಿರಬಹುದು. ನೀರು ಧಾರಾಳವಾಗಿದ್ದು, ಎಂಜಿನ್ ಆಯಿಲ್ ಸರಿಯಿದ್ದು, ಯಂತ್ರ ತಣ್ಣಗಿದ್ದೂ ಕೂಗಿದರೆ ತಂತಿಯ ಜೋಡಣೆಗಳನ್ನು ಬಿಚ್ಚಿ ಹಸಿರು ಕಿಲುಬನ್ನು ಹುಡುಕಬೇಕು. ಉಪ್ಪುಗಾಳಿಗೆ ತಾಮ್ರ ಬಲುಬೇಗ ಸೋಲುತ್ತದೆ. ಉಜ್ಜಿ, ಒಣಗಿಸಿ, ಬಿಗಿದ ಮೇಲೂ ಕೂಗು ನಿಲ್ಲದಿದ್ದರೆ ಮಾತ್ರ ಹೊಸ ಸೆನ್ಸರಿಗೆ ದುಡ್ಡು ಬಿಚ್ಚಿದರಾಯಿತು.