ಮುಕ್ಕಾಲು ಸೆಕೆಂಡಿನ ವ್ಯವಹಾರ

ದೀರ್ಘಕಾಲದ ಶ್ವಾಸಕೋಶವ್ಯಾಧಿಯುಳ್ಳವನೊಬ್ಬನು ಕುರ್ಚಿಯಲ್ಲಿ ಕುಳಿತಿದ್ದಾನೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು ೯೩ ಎಂದು ತೋರಿಸುತ್ತದೆ. ಎಂದರೆ ರಕ್ತದ ಹೀಮೋಗ್ಲೋಬಿನ್ನಿನಲ್ಲಿ ನೂರಕ್ಕೆ ೯೩ ಪಾಲು ಆಮ್ಲಜನಕವನ್ನು ಹೊತ್ತಿದೆ. ಭಯಪಡುವಂಥದೇನೂ ಅಲ್ಲ. ಅವನೇ ಎದ್ದು ನಾಲ್ಕೈದು ನಿಮಿಷ ನಡೆದರೆ ಅಂಕೆಯು ೮೪ಕ್ಕೆ ಜಾರುವುದುಂಟು. ಸುತ್ತಲಿನ ಗಾಳಿ ಬದಲಾಗಿಲ್ಲ. ಉಸಿರಾಟವಾದರೋ ಮೊದಲಿಗಿಂತ ಬಿರುಸಾಗಿದೆ. ಹಾಗಾದರೆ ಆಮ್ಲಜನಕವು ಎಲ್ಲಿ ತಡೆಯಿತು?

ನಮ್ಮ ಶ್ವಾಸಕೋಶಗಳಲ್ಲಿ ಸುಮಾರು ೩೦ ಕೋಟಿ ಗಾಳಿಗೂಡುಗಳಿವೆ. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ೭೦ ಚದರ ಮೀಟರ್ ನೆಲವನ್ನು ಮುಚ್ಚಬಹುದು. ಗಾಳಿಗೂ ರಕ್ತಕ್ಕೂ ನಡುವಿನ ಪೊರೆಯು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ತೆಳು. ಗೂಡಿನಲ್ಲಿ ಆಮ್ಲಜನಕದ ಒತ್ತಡ ೧೦೦ ಮಿಲಿಮೀಟರ್ ಪಾದರಸದಷ್ಟಿದ್ದರೆ ಒಳಬರುವ ರಕ್ತದಲ್ಲಿ ೪೦ ಮಾತ್ರ. ನೀರು ತಗ್ಗಿಗೆ ಹರಿಯುವಂತೆ ಅನಿಲವು ಹೆಚ್ಚಿನ ಒತ್ತಡದಿಂದ ಕಡಮೆಯ ಕಡೆಗೆ ವಿಸರಣಗೊಳ್ಳುತ್ತದೆ.

ಇಷ್ಟು ಸರಳವಾದ ಸಂಗತಿಯನ್ನು ಒಪ್ಪಲು ವಿದ್ವಾಂಸರಿಗೆ ಬಹುಕಾಲ ಹಿಡಿಯಿತು. ಗ್ರಂಥಿಯು ರಸವನ್ನು ಸ್ರವಿಸುವಂತೆ ಶ್ವಾಸಕೋಶವೇ ಆಮ್ಲಜನಕವನ್ನು ರಕ್ತಕ್ಕೆ ದೂಡುತ್ತದೆಂದು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ವಾದಿಸಿದನು. (ನಮ್ಮ ಪಠ್ಯಗಳಲ್ಲಿ ಬರುವ ಪರಮಾಣುವಿನ ಬೋರ್ ಇವನ ಮಗ.) ಬೋರನ ಶಿಷ್ಯನಾಗಿದ್ದ ಆಗಸ್ಟ್ ಕ್ರೋಗ್ ಮತ್ತು ಅವನ ಪತ್ನಿ ಮೇರಿ ಕ್ರೋಗ್, ವಿಸರಣವೊಂದೇ ಸಾಕೆಂದು ೧೯೧೦ರಲ್ಲಿ ತೋರಿಸಿದರು. ಇಂಗ್ಲೆಂಡಿನ ಹಾಲ್ಡೇನ್ ಆಗಲೂ ಒಪ್ಪಲಿಲ್ಲ. ೧೯೨೦ರಲ್ಲಿ ಕೇಂಬ್ರಿಜ್ಜಿನ ಜೋಸೆಫ್ ಬಾರ್‌ಕ್ರಾಫ್ಟ್ ಆಮ್ಲಜನಕ ವಿರಳವಾದ ಗಾಜಿನ ಕೋಣೆಯಲ್ಲಿ ಆರು ದಿನ ವಾಸವಾಗಿದ್ದು, ತನ್ನ ಮಣಿಕಟ್ಟಿನ ಅಪಧಮನಿಯನ್ನೇ ತೆರೆಯಿಸಿ ರಕ್ತವನ್ನು ಪರೀಕ್ಷೆಗೆ ಕೊಟ್ಟನು. ವಿಶ್ರಾಂತಿಯಲ್ಲಾಗಲಿ ಶ್ರಮದಲ್ಲಾಗಲಿ ರಕ್ತದ ಆಮ್ಲಜನಕದ ಒತ್ತಡವು ಗೂಡಿನ ಗಾಳಿಯದನ್ನು ಮೀರಲಿಲ್ಲ.

ದೂಡುವ ಶಕ್ತಿಯಿಲ್ಲದಿದ್ದ ಮೇಲೆ ಎಲ್ಲವೂ ಪೊರೆಯ ವಿಸ್ತಾರ, ಅದರ ದಪ್ಪ, ಒತ್ತಡದ ವ್ಯತ್ಯಾಸ, ಇವುಗಳ ಜೊತೆಗೆ ಕಾಲಾವಕಾಶವನ್ನು ಅವಲಂಬಿಸಬೇಕು. ವಿಶ್ರಾಂತಿಯಲ್ಲಿ ಒಂದು ಕೆಂಪು ರಕ್ತಕಣವು ಶ್ವಾಸಕೋಶದ ಲೋಮನಾಳವನ್ನು ದಾಟಲು ಸುಮಾರು ಮುಕ್ಕಾಲು ಸೆಕೆಂಡು ಬೇಕು. ಆರೋಗ್ಯವಂತನಲ್ಲಿ ಮೊದಲ ಕಾಲು ಸೆಕೆಂಡಿನಲ್ಲೇ ಅದು ತುಂಬಿಕೊಳ್ಳುತ್ತದೆ. ಉಳಿದ ಅರ್ಧ ಸೆಕೆಂಡು ಕೈಗಾಪಿನ ಹಣವಿದ್ದಂತೆ. ಕಠಿನ ಶ್ರಮದಲ್ಲಿ ರಕ್ತದ ವೇಗ ಹೆಚ್ಚಿ, ಈ ಅವಕಾಶವು ಕಾಲು ಸೆಕೆಂಡಿನ ಸಮೀಪಕ್ಕೆ ಇಳಿಯುತ್ತದೆ. ಜೊತೆಗೆ, ಸ್ನಾಯುಗಳು ಹೆಚ್ಚು ಹೀರಿರುವುದರಿಂದ ರಕ್ತವು ಹೆಚ್ಚು ಬರಿದಾಗಿಯೇ ಹಿಂದಿರುಗುತ್ತದೆ.

ಎಂಫಿಸೀಮ ರೋಗದಲ್ಲಿ ಗೂಡುಗಳ ಗೋಡೆಗಳು ಹರಿದು ಪೊರೆಯ ವಿಸ್ತಾರ ಕುಗ್ಗುತ್ತದೆ. ಬೇರೆ ಕೆಲವು ರೋಗಗಳಲ್ಲಿ ಶ್ವಾಸಕೋಶವು ನಾರುಗಟ್ಟಿ ಪೊರೆ ದಪ್ಪವಾಗುತ್ತದೆ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆಯ ಧೂಳನ್ನು ಸೇವಿಸಿ ಸಿಲಿಕೋಸಿಸ್‌ಗೆ ತುತ್ತಾದ ಕಾರ್ಮಿಕರ ಶ್ವಾಸಕೋಶಗಳೂ ನಾರುಗಟ್ಟಿದವೇ. ಇಂಥವರಿಗೆ ಕುಳಿತಾಗ ಮುಕ್ಕಾಲು ಸೆಕೆಂಡು ಹೇಗೋ ಸಾಲುತ್ತದೆ, ನಡೆದಾಗ ಸಾಲದು. ಕಿರಿಬಾಗಿಲಿನ ಬಸ್ಸು ಜಾತ್ರೆಯ ದಿನ ಅರೆಗಳಿಗೆ ನಿಂತು ಹೊರಟಂತೆ ರಕ್ತವು ಅರೆತುಂಬಿ ಹೊರಡುತ್ತದೆ. ಆದರೆ ಕಾಲದ ಅಭಾವವೊಂದೇ ಕಾರಣವಲ್ಲ. ಶ್ವಾಸನಾಳಗಳು ಕಿರಿದಾದವರಲ್ಲಿ ಗಾಳಿ ಸರಿಯಾಗಿ ತಲಪದ ಗೂಡುಗಳಿಗೂ ರಕ್ತವು ಹರಿದು, ಬರಿದಾಗಿಯೇ ಮರಳಿ, ಒಳ್ಳೆಯ ರಕ್ತದೊಡನೆ ಬೆರೆಯುತ್ತದೆ. ಅವರಲ್ಲಿ ಇದೇ ಹೆಚ್ಚಿನ ತೊಡಕು.

ಇನ್ನು ಆ ಅಂಕೆಯ ವಿಚಾರ. ರಕ್ತದ ಆಮ್ಲಜನಕದ ಒತ್ತಡವು ೧೦೦ರಿಂದ ೭೦ಕ್ಕಿಳಿದರೆ ಅಂಕೆ ಸುಮಾರು ೯೭ರಿಂದ ೯೩ಕ್ಕೆ ಮಾತ್ರ ಇಳಿಯುತ್ತದೆ. ೭೦ರಿಂದ ೫೦ಕ್ಕಿಳಿದರೋ, ೯೩ರಿಂದ ೮೪ಕ್ಕೆ! ಬಯಲುಸೀಮೆಯಿಂದ ಪಶ್ಚಿಮಕ್ಕೆ ನಡೆದವನಿಗೆ ನೆಲವು ಬಹುದೂರ ಸಮವಾಗಿದ್ದು ಘಟ್ಟದ ಅಂಚಿನಲ್ಲಿ ಥಟ್ಟನೆ ಕುಸಿಯುತ್ತದಲ್ಲವೆ? ನಮ್ಮ ರೋಗಿಯು ಕುಳಿತಿದ್ದಾಗಲೇ ಅಂಚಿನ ಬಳಿ ಇದ್ದನು. ಅಂಕೆಯು ಅದನ್ನು ಹೇಳಲಿಲ್ಲ.

ಕೆಂಪು ಮತ್ತು ಅವಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಅಳೆಯುವ ಈ ಉಪಕರಣದ ತತ್ತ್ವವನ್ನು ಜಪಾನಿನ ತಕುವೊ ಅಯೋಯಗಿ ೧೯೭೪ರಲ್ಲಿ ಪ್ರಕಟಿಸಿದನು. ೨೦೨೦ರ ಕೋವಿಡ್ ಪಿಡುಗಿನ ತರುವಾಯ ಅದು ಅನೇಕ ಮನೆಗಳನ್ನು ಸೇರಿದೆ. ಕುಳಿತು ನೋಡಿ ಸಮಾಧಾನಗೊಳ್ಳುವವರೇ ಹೆಚ್ಚು. ವೈದ್ಯರು ಮಾತ್ರ ರೋಗಿಯನ್ನು ಸಮತಲದ ಮೊಗಸಾಲೆಯಲ್ಲಿ ಆರು ನಿಮಿಷ ನಡೆಯಿಸಿ ನೋಡುತ್ತಾರೆ.

ಇಳಿದವರಿಗೆಲ್ಲ ಆಮ್ಲಜನಕದ ಸಿಲಿಂಡರು ಕೊಟ್ಟರಾಯಿತೆ? ಭೌತವಿಜ್ಞಾನವು ಹೌದೆನ್ನುತ್ತದೆ, ಗೂಡಿನ ಒತ್ತಡ ಏರಿದರೆ ವಿಸರಣವೂ ಏರಬೇಕಷ್ಟೆ. ಆದರೆ ಅಮೆರಿಕದಲ್ಲಿ ೭೩೮ ರೋಗಿಗಳ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಿಶ್ರಾಂತಿಯಲ್ಲೋ ನಡಿಗೆಯಲ್ಲೋ ಸಾಧಾರಣ ಪ್ರಮಾಣದ ಇಳಿತವಿದ್ದವರಿಗೆ ಅದರಿಂದ ಆಯುಸ್ಸು ಹೆಚ್ಚಲಿಲ್ಲ, ಆಸ್ಪತ್ರೆವಾಸವೂ ತಪ್ಪಲಿಲ್ಲ. ವಿಶ್ರಾಂತಿಯಲ್ಲೇ ತೀರ ಕಡಮೆಯಿರುವವರಿಗಾದರೆ ದಿನಕ್ಕೆ ಹದಿನೈದು ಗಂಟೆಗೂ ಮಿಕ್ಕು ಕೊಡುವುದು ಆಯುಷ್ಯವನ್ನು ಬೆಳೆಸುತ್ತದೆ. ಅಂಕೆಗೆ ಹೆದರಿ ಹಾಸಿಗೆ ಹಿಡಿಯುವುದಂತೂ ಚಿಕಿತ್ಸೆಯಲ್ಲ. ವೈದ್ಯರ ಕಣ್ಗಾವಲಿನಲ್ಲಿ ಕ್ರಮವಾಗಿ ವ್ಯಾಯಾಮ ಮಾಡಿದವರ ಪೊರೆಯು ದುರಸ್ತಾಗುವುದಿಲ್ಲವಾದರೂ ಕಾಲಿನ ಸ್ನಾಯುಗಳು ದೊರೆತ ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಅದೇ ದೂರವನ್ನು ಅವರು ಕಡಮೆ ಏದುಸಿರಿನಿಂದ ನಡೆಯಬಲ್ಲರು.